ಕೊನೆಯ ಸೋರೆಬುರುಡೆ

ಸೂಲಿಬೆಲೆ,
18 ಜನವರಿ 2026, ಭಾನುವಾರ

ಪ್ರೀತಿಯ ಅಪ್ಪಾ,

ತಂದೆಗೆ ಕಾಗದ ಬರೆಯುವಾಗ ‘ತೀರ್ಥರೂಪು’ ಎಂದು ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಹಾಗೆ ಬರೆದರೆ ನೀನು ಇದು ಇನ್ಯಾರದೋ ಮನೆಯದೆಂದು ಪೋಸ್ಟ್‌ಮ್ಯಾನ್ ಕೈಗೇ ವಾಪಸ್ ಕೊಟ್ಟುಬಿಡುತ್ತೀಯ. ಮಂಡಿನೋವು ಹೇಗಿದೆ? ಚಿಂತಾಮಣಿಯ ಚಳಿಗೆ ಬೆಳಗಾಗುವ ಮೊದಲೇ ಎದ್ದು ಓಡಾಡಬೇಡ. ಪ್ರಮೋದಕ್ಕ ಎಣ್ಣೆ ಕಾಯಿಸಿ ಕೊಡುತ್ತಾಳೋ, ಇಲ್ಲ ನೀನೇ ಸಂಕೋಚಪಟ್ಟುಕೊಂಡು ಕೇಳುತ್ತಿಲ್ಲವೋ? ಮಗಳ ಮನೆಯಲ್ಲಿ ಸಂಕೋಚವೇನು, ಬಾಯಿಬಿಟ್ಟು ಕೇಳು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಕಿವಿ ಕೇಳಿಸುವುದಿಲ್ಲ. ನಾನು ಹೇಳಿದ್ದನ್ನು ಅಕ್ಕ ನಿನ್ನ ಕಿವಿಯ ಹತ್ತಿರ ಕೂಗಿ ಹೇಳಬೇಕು. ಅವಳು ಕೂಗಿದರೆ ನಮ್ಮ ಮನೆ ಸಮಾಚಾರ ಅವರ ಬೀದಿಗೆಲ್ಲ ಗೊತ್ತಾಗುತ್ತದೆ.

ಇಲ್ಲಿ ಎಲ್ಲ ಚೆನ್ನಾಗಿದ್ದೇವೆ. ಸಂಕ್ರಾಂತಿಯ ಹಿಂದಿನ ದಿನ ಸೀಮೆಹಸು ಕರು ಹಾಕಿತು. ಹೆಣ್ಣುಕರು, ಹಣೆಯ ಮೇಲೆ ಬಿಳಿ ಬೊಟ್ಟು. ಅಮ್ಮ ಗಿಣ್ಣು ಮಾಡಿ ನಿನ್ನ ಪಾಲು ಎತ್ತಿಟ್ಟಿದ್ದಳು. ನೀನು ಬರುವ ಹಾಗೆ ಕಾಣಲಿಲ್ಲ. ಕೊನೆಗೆ ನಿನ್ನನ್ನು ಬಾಯಿಗೆ ಬಂದ ಹಾಗೆ ಬೈದುಕೊಂಡು ಪಕ್ಕದ ಮನೆ ಬೈರಮ್ಮನಿಗೆ ಕೊಟ್ಟಳು. ‘ಎರಡು ದಿನ ಹೋಗ್ಬರ್ತೀನಿ’ ಎಂದು ಹೋದವನು ಹಬ್ಬಕ್ಕೂ ಬರಲಿಲ್ಲವಲ್ಲ ಅಪ್ಪಾ. ಕರು ಬೇರೆ ನಿನ್ನನ್ನು ನೋಡದೆಯೇ ಬೆಳೆಯುತ್ತಿದೆ.

ನೀನು ಯಾಕೆ ಹೋದೆ ಎಂದು ನನಗೆ ಗೊತ್ತಿಲ್ಲವೇ? ಊಟಕ್ಕೆ ಕೂತಾಗ ನಾನು ಶ್ರೀಲಂಕಾದ ವಿಷಯ ಎತ್ತಿದೆ. ನೀನು ಅರ್ಧ ಮುದ್ದೆ ಬಿಟ್ಟು ಕೈ ತೊಳೆದುಕೊಂಡೆ. ಬೇಡ ಎನ್ನಲಿಲ್ಲ, ಬೈಯಲಿಲ್ಲ. ಬೆಳಿಗ್ಗೆ ನೋಡಿದರೆ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೆ. ಅಮ್ಮನಾದರೆ ಪರವಾಗಿಲ್ಲ, ಇರುವುದನ್ನೆಲ್ಲ ಒಂದೇ ಸಲ ಕೂಗಿ ಮುಗಿಸುತ್ತಾಳೆ. ‘ರಾಮ್ನಂಥ ರಾಮ್ನೇ ಸೈನ್ಯ ಕಟ್ಕೊಂಡು ಹೋದ ಲಂಕೆಗೆ ನೀನೊಬ್ಳೇ ಹೋಗ್ತೀಯೇನೇ?’ ಎಂದು ಅವಳು ಕೇಳಿದಾಗ ನನಗೆ ಸಿಟ್ಟಿನಲ್ಲೂ ನಗು ಬಂತು. ನೀನಾದರೆ ಎದ್ದು ಹೋಗಿಬಿಡುತ್ತೀಯ. ಅದಕ್ಕೇ ಈ ಕಾಗದ. ಓದಿ ಮುಗಿಸುವವರೆಗೂ ನೀನು ಎದ್ದು ಹೋಗುವ ಹಾಗಿಲ್ಲ.

ಅವತ್ತು ಪೂರ್ತಿ ಹೇಳಲು ಆಗಲಿಲ್ಲ. ಹೋದ ವರ್ಷ ಪಿಲ್ಲಗುಂಪೆಯ ನಮ್ಮ ಫ್ಯಾಕ್ಟರಿಯವರು ಮೂಲ್ಕಿಗೆ ಟೂರ್ ಕರೆದುಕೊಂಡು ಹೋಗಿದ್ದರಲ್ಲ, ಅಲ್ಲಿ ಕಲಿತದ್ದು ಈ ಸರ್ಫಿಂಗ್. ಉದ್ದನೆಯ ಹಲಗೆಯ ಮೇಲೆ ಬೋರಲಾಗಿ ಮಲಗಿ ಕೈಯಲ್ಲಿ ನೀರು ತಳ್ಳಬೇಕು. ಹಿಂದಿನಿಂದ ಅಲೆ ಬಂದು ಎತ್ತಿದ ತಕ್ಷಣ ಎದ್ದು ನಿಲ್ಲಬೇಕು. ಅಷ್ಟೇ. ಅಷ್ಟೇ ಎಂದು ಬರೆದೆ, ಆದರೆ ಬೆಳಿಗ್ಗೆಯಿಂದ ಬಿದ್ದದ್ದೇ ಬಿದ್ದದ್ದು. ಮೂಗು, ಬಾಯಿ, ಕಿವಿಯೆಲ್ಲ ಉಪ್ಪುನೀರು. ಇನ್ನೇನು ಸಾಕು ಎನ್ನುವ ಹೊತ್ತಿಗೆ ಒಂದು ಸಲ ನಿಂತೆ ಅಪ್ಪಾ! ಕಣ್ಣು ಮಿಟುಕಿಸುವಷ್ಟು ಹೊತ್ತು ಇರಬಹುದು. ಆ ಹೊತ್ತಿನಲ್ಲಿ ನನಗಾದ ಖುಷಿಯನ್ನು ಹೇಗೆ ಹೇಳಲಿ, ಅವತ್ತಿನಿಂದ ಬೇರೇನೂ ರುಚಿಸುತ್ತಿಲ್ಲ. ಅಷ್ಟರಲ್ಲಿ ದಡದಿಂದ ನಮ್ಮ ಫ್ಯಾಕ್ಟರಿಯ ಶಿಲ್ಪ ‘ಬಾರೇ ಸಾಕು, ಬಸ್ ಹೊರಡ್ತೈತೆ’ ಎಂದು ಕೂಗಿದಳು. ಬಂದುಬಿಟ್ಟೆ.

ಯಾಕೆ ಒಬ್ಬಳೇ ಎಂದು ಊರೆಲ್ಲ ಕೇಳುತ್ತದೆ. ಯಾಕೆ ಅಂದರೆ ಇದಕ್ಕೇ. ಜೊತೆಯಲ್ಲಿ ಹೋದರೆ ಅವರ ಊಟದ ಹೊತ್ತು, ಅವರ ಫೋಟೋ, ಅವರ ಬಸ್ಸು. ಫ್ಯಾಕ್ಟರಿಯಲ್ಲಿ ವರ್ಷವಿಡೀ ಇನ್ನೊಬ್ಬರು ಮಾಡಿದ ಸಾಮಾನಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಒಂದು ವಾರ ನಾನೇ ಬಿದ್ದು, ನಾನೇ ಏಳಬೇಕು, ಗುರುತಿನವರು ಯಾರೂ ಪಕ್ಕದಲ್ಲಿ ನಿಂತು ನೋಡಬಾರದು. ಬೈರಮ್ಮ ‘ಮದ್ವೆ ಆಗಿ ಗಂಡನ್ ಜೊತೆ ಹೋಗ್ಲಿ’ ಎಂದಳಂತೆ. ಮೊದಲು ಅವಳ ಗಂಡ ಲಕ್ಷ್ಮಯ್ಯ ಅವಳನ್ನು ನಂದಿಬೆಟ್ಟಕ್ಕಾದರೂ ಕರೆದುಕೊಂಡು ಹೋಗಲಿ, ಆಮೇಲೆ ನೋಡೋಣ.

ಎಲ್ಲ ಗೊತ್ತು ಮಾಡಿಕೊಂಡಿದ್ದೇನೆ. ಫೆಬ್ರವರಿ ಮೊದಲ ವಾರ ಹೊರಡುತ್ತೇನೆ. ದೇವನಹಳ್ಳಿಯಲ್ಲಿ ವಿಮಾನ ಹತ್ತಿದರೆ ಕೊಲಂಬೋ ಒಂದೂವರೆ ಗಂಟೆ. ನಮ್ಮೂರಿಂದ ಮೆಜೆಸ್ಟಿಕ್ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಅಲ್ಲಿಂದ ಸಮುದ್ರದ ಪಕ್ಕದಲ್ಲೇ ರೈಲು, ವೆಲಿಗಾಮ ಎನ್ನುವ ಊರು. ಈ ತಿಂಗಳುಗಳಲ್ಲಿ ಅಲ್ಲಿ ಅಲೆ ಸಣ್ಣದಿರುತ್ತದೆ, ಹೊಸಬರು ಕಲಿಯುವುದೇ ಅಲ್ಲಂತೆ. ಒಬ್ಬ ಅಜ್ಜಿಯ ಮನೆಯಲ್ಲಿ ರೂಮು. ಹಲಗೆಗೂ ನನ್ನ ಕಾಲಿಗೂ ಒಂದು ಹಗ್ಗ ಕಟ್ಟಿರುತ್ತಾರೆ, ಬಿದ್ದರೂ ಹಲಗೆ ದೂರ ಹೋಗುವುದಿಲ್ಲ. ಕಲಿಸುವವರು ಹತ್ತಿರದಲ್ಲೇ ಇರುತ್ತಾರೆ. ದಿನಾ ಬೆಳಿಗ್ಗೆ ಅಂಗಳದಲ್ಲಿ ಚಾಪೆ ಹಾಸಿ, ಬೋರಲು ಮಲಗಿ ಚಂಗನೆ ಎದ್ದು ನಿಲ್ಲುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ಹಸು ಮೇವು ಬಿಟ್ಟು ನನ್ನನ್ನೇ ನೋಡುತ್ತದೆ.

ಅಮ್ಮನೂ ಈಗ ಸ್ವಲ್ಪ ದಾರಿಗೆ ಬಂದಿದ್ದಾಳೆ. ಮೂರು ಜನ ಶುಭಕಾರ್ಯಕ್ಕೆ ಹೊರಟರೆ ನಾಲ್ಕನೆಯವರ ಲೆಕ್ಕಕ್ಕೆ ಒಂದು ಕಲ್ಲು ಹಿಡಿದುಕೊಂಡು ಹೋಗುತ್ತೇವಲ್ಲ, ಹಾಗೆ ಬಾವಿಯ ಹತ್ತಿರದಿಂದ ಒಂದು ಕಲ್ಲು ತಂದು ತೊಳೆದು, ಕುಂಕುಮವಿಟ್ಟು, ‘ಒಂಟಿ ಹೋಗ್ಬೇಡ, ಇದನ್ನಾದ್ರೂ ಕರ್ಕೊಂಡು ಹೋಗು’ ಎಂದು ಕೈಗಿಟ್ಟಳು. ನಿಂಬೆಹಣ್ಣಿನ ಗಾತ್ರದ್ದಾದರೆ ಆಗುತ್ತಿತ್ತು. ಇವಳು ತಂದದ್ದು ಖಾರ ಅರೆಯುವ ಗುಂಡುಕಲ್ಲಿನಷ್ಟಿದೆ. ಚಿಕ್ಕದು ಹುಡುಕುತ್ತಿದ್ದಾಳೆ.

ಬ್ಯಾಗು ಇಳಿಸಲು ಅಟ್ಟ ಹತ್ತಿದಾಗ ಇನ್ನೊಂದು ವಸ್ತು ಸಿಕ್ಕಿತು. ನನ್ನ ಸೋರೆಬುರುಡೆ! ಬೀದಿಯ ಮಕ್ಕಳಿಗೆಲ್ಲ ನೀನು ನಮ್ಮ ತೋಟದ ಬಾವಿಯಲ್ಲಿ ಈಜು ಕಲಿಸುತ್ತಿದ್ದದ್ದು ನೆನಪಾಯಿತು. ಮೊದಲು ಮುಳುಗದ ಹಾಗೆ ಬೆನ್ನಿಗೆ ಮೂರು ಒಣಬುರುಡೆ, ಧೈರ್ಯ ಬಂದ ಹಾಗೆ ಒಂದೊಂದೇ ಬಿಚ್ಚುವುದು. ಗಂಟು ಮಾತ್ರ ಯಾರೂ ಮುಟ್ಟಬಾರದು. ‘ಕಟ್ಟಿದ್ ಕೈಯೇ ಬಿಚ್ಬೇಕು’ ಎನ್ನುತ್ತಿದ್ದೆ. ನಮ್ಮ ಬೀದಿಯ ಅಶೋಕ ತಾನೇ ಬಿಚ್ಚಿಕೊಂಡು ಹಾರಿದ್ದಕ್ಕೆ ಅವನಿಗೆ ಬಿದ್ದ ಏಟು ನನಗಿನ್ನೂ ಕೇಳಿಸುತ್ತದೆ. ನನ್ನವು ಎರಡನ್ನು ನೀನು ಬಿಚ್ಚಿದ್ದೆ. ಅಷ್ಟರಲ್ಲಿ ನಾನು ದೊಡ್ಡವಳಾದೆ, ಅಜ್ಜಿ ಬಾವಿಯ ಕಡೆ ಹೋಗಕೂಡದು ಎಂದಳು. ಸಿಟ್ಟಿನಲ್ಲಿ ನಾನು ಬುರುಡೆಯನ್ನು ತಲೆಯ ಮೇಲಿಂದ ಎಳೆದು ಬಿಸಾಕಿದೆ. ನೀನು ಅದನ್ನು ಎತ್ತಿ ಅಟ್ಟಕ್ಕೆ ಹಾಕಿದೆ. ನೈಲಾನ್ ಹಗ್ಗ, ನೀನು ಹಾಕಿದ ಗಂಟು ಹಾಗೇ ಇದೆ. ಮೊನ್ನೆ ತಮಾಷೆಗೆ ಹಾಕಿಕೊಳ್ಳಲು ಹೋದೆ, ಭುಜದಲ್ಲೇ ಸಿಕ್ಕಿಕೊಂಡಿತು. ಅಮ್ಮ ಕುಡುಗೋಲು ತಂದು ‘ತಡಿ, ಕುಯ್ದಾಕ್ತೀನಿ’ ಎಂದಳು. ಬೇಡ ಎಂದು ಹೇಗೋ ಬಿಡಿಸಿಕೊಂಡೆ. ಆಮೇಲೆ ಇಬ್ಬರೂ ಕೂತು ನಕ್ಕೆವು.

ಚಿಂತೆ ಮಾಡಬೇಡ. ಹೊಸಕೋಟೆಯ ಈಜುಕೊಳದಲ್ಲಿ ಎರಡು ಬೇಸಿಗೆ ಈಜಿದ್ದೇನೆ. ನನಗೆ ಭಯವಿಲ್ಲ. ಅಕ್ಕನನ್ನೂ ಭಾವನನ್ನೂ ಕೇಳಿದೆನೆಂದು ಹೇಳು. ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೋ. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ.

ನಿನ್ನ ಮಗಳು,
ಸಿಂಧು

ತಾ.ಕ.: ಕವರ್ ಅಂಟಿಸುವಷ್ಟರಲ್ಲಿ ಅಕ್ಕ ಫೋನ್ ಮಾಡಿದಳು. ‘ಒಬ್ಳೇ ಹೋಗ್ಲಿ, ಅದಕ್ಕಲ್ಲ. ಕೊನೇ ಬುರುಡೆ ಬಿಚ್ಚೇ ಇಲ್ಲ ಕಣಮ್ಮ ಅವಳಿಗೆ, ಸಮುದ್ರಕ್ಕೆ ಹೆಂಗ್ ಕಳಿಸ್ಲಿ?’ ಎಂದು ನೀನು ಅವಳ ಹತ್ತಿರ ಹೇಳಿದೆಯಂತೆ. ನಾನು ಇಷ್ಟು ದಿನ ನಿನಗೆ ಕೋಪವೆಂದುಕೊಂಡಿದ್ದೆ. ಮೇಲೆ ಭಯವಿಲ್ಲ ಎಂದು ಬರೆದದ್ದು ಸುಳ್ಳು ಅಪ್ಪಾ. ಇವತ್ತಿಗೂ ನೀರಿಗಿಳಿಯುವ ಮೊದಲು ನನ್ನ ಕೈ ಬೆನ್ನಿಗೆ ಹೋಗುತ್ತದೆ, ಬುರುಡೆ ಇದೆಯೋ ಇಲ್ಲವೋ ಎಂದು. ಮೂಲ್ಕಿಯಲ್ಲೂ ಹೋಯಿತು. ಈ ಸಲದ ಮಳೆಗೆ ನಮ್ಮ ಬಾವಿಯಲ್ಲಿ ಮೆಟ್ಟಿಲು ಮುಳುಗುವಷ್ಟು ನೀರಿದೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಬಾ. ಆ ಹಳೇ ಗಂಟು ಬಿಚ್ಚಿ, ಈಗಿನ ನನ್ನ ಅಳತೆಗೆ ಒಂದು ಸಲ ಕಟ್ಟು. ಒಂದು ಸುತ್ತು ಈಜಿ ಬರುತ್ತೇನೆ, ಆಮೇಲೆ ನೀನೇ ಬಿಚ್ಚು. ನೀನು ಬರದಿದ್ದರೆ ನಾನು ಹೋಗುವುದಿಲ್ಲ. ಗಂಟನ್ನು ಯಾರ ಕೈಗೂ ಕೊಟ್ಟಿಲ್ಲ.