ಟೀ ಕಪ್ಪಿನ ಮೊಹರು

ಸೆಪ್ಟೆಂಬರ್ ೧೪, ಭಾನುವಾರ

ಅಕ್ಕನ ಮಾತು ಬೆಳಗಿನಿಂದ ಕಿವಿಯಲ್ಲೇ ಕೂತಿದೆ. ಸರಿಯಾಗಿ ನಾವು ಹೊರಡುವ ಹೊತ್ತಿಗೆ ಫೋನ್ ಮಾಡಿ, "ಮತ್ತೆ ಆ ಹಾಳು ಕೋಟೆ ಗೋಡೆ ನೋಡೋಕೆ ಹೊರಟ್ರಾ? ಬೇರೆ ಕೆಲಸ ಇಲ್ವಾ ನಿಮಗೆ?" ಎಂದಳು. ಹೋದ ತಿಂಗಳು ನಾವಿಲ್ಲದಾಗ ಮನೆ ಚೊಕ್ಕ ಮಾಡುತ್ತೇನೆಂದು ನಮ್ಮ ಒಂದು ಸಾಲು ಪುಸ್ತಕವನ್ನೇ ರದ್ದಿಗೆ ಹಾಕಿದವಳು ಇವಳು. "ಎಲ್ಲದರಲ್ಲೂ ಟೀ ಕಲೆ ಕಣೇ" ಅಂತ ಸಮಜಾಯಿಷಿ ಬೇರೆ.

ಅದು ಕಲೆಯಲ್ಲ, ಮೊಹರು. ಯಾವ ಹಳೆಯ ಊರಿಗೆ ಹೋದರೂ ಒಂದು ಪುಸ್ತಕ ಕೊಂಡು, ಟೀ ಅಂಗಡಿಯಲ್ಲಿ ಕೂತು, ಅದರ ಮೊದಲ ಪುಟಕ್ಕೆ ಒದ್ದೆ ಕಪ್ಪಿನ ತಳ ಒತ್ತುವುದು ನಮ್ಮ ಮನೆಯ ಪದ್ಧತಿ.

ಇವತ್ತು ಕೋಟೆ ಬಾಗಿಲ ಪಕ್ಕದ ಹಳೆ ಪುಸ್ತಕದಂಗಡಿಯಲ್ಲಿ ಮಗಳು "ಅಮ್ಮಾ!" ಎಂದು ಕಿರುಚಿದಳು. ಅವಳ ಕೈಯಲ್ಲಿ ನಮ್ಮದೇ ಪುಸ್ತಕ! ಮೊದಲ ಪುಟದಲ್ಲಿ ನನ್ನ ಅಕ್ಷರ, ಕೆಳಗೆ ಕಂದು ಉಂಗುರ.

"ಅದು ಕಲೆಯಾಗಿದೆ ಮೇಡಂ, ಬೇರೆ ಕೊಡ್ತೀನಿ," ಎಂದರು ಅಂಗಡಿಯವರು.

"ಬೇಡ, ನನಗೆ ಕಲೆಯಾಗಿರೋದೇ ಬೇಕು."

ನಮ್ಮವರು ನಕ್ಕಿದ್ದೇ ನಕ್ಕಿದ್ದು. "ಸ್ವಂತ ಪುಸ್ತಕಾನ ಕಾಸು ಕೊಟ್ಟು ತಗೊಳ್ಳೋರು ನಾವೇ ಇರಬೇಕು!" ಎದುರಿನ ಟೀ ಅಂಗಡಿಯಲ್ಲಿ ಹಳೆ ಉಂಗುರದ ಪಕ್ಕದಲ್ಲೇ ಇನ್ನೊಂದನ್ನು ಒತ್ತಿದೆವು.

ಕಾಲು ಸೋತಿದೆ, ನಿದ್ದೆಗೆ ಕಣ್ಣು ಎಳೆಯುತ್ತಿದೆ. ಆದರೂ ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ, ಯಾರ ಅಪ್ಪಣೆಯೂ ಬೇಕಿಲ್ಲ. ಈ ಪುಸ್ತಕ ಕಪಾಟಿಗೆ ಹೋಗುವುದಿಲ್ಲ, ಟೀಪಾಯಿ ಮೇಲೆಯೇ ಇರಲಿ. ಅಕ್ಕ ಬರಲಿ, ಮೊದಲ ಪುಟ ತೆರೆದು ಅವಳ ಕಪ್ಪನ್ನು ಅದರ ಮೇಲೆಯೇ ಇಡುತ್ತೇನೆ. ಮೂರನೆಯ ಉಂಗುರಕ್ಕೆ ಇನ್ನೂ ಜಾಗ ಇದೆ.