ತೆರಿಗೆ ಕಟ್ಟಿದ ಅತ್ತೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7.40, ಬಸ್ಸಿನಲ್ಲಿ

ಸೀಟು ಸಿಕ್ಕಿತು, ಕಿಟಕಿ ಪಕ್ಕದ್ದೇ. ಇವತ್ತು ಕಾಲೇಜಿನಲ್ಲಿ ರೆಸ್ಪಾನ್ಸ್ ಕೊಡಬೇಕು, ಇನ್ನೂ ನಾಲ್ಕು ಸಾಲು ಬಾಕಿ. ಅಮೆರಿಕನ್ ಸಾಹಿತ್ಯದ ಪೇಪರ್ ತೆಗೆದುಕೊಂಡದ್ದೇ ನನ್ನ ಗ್ರಹಚಾರ. ಬೇರೆ ಪೇಪರಿನವರು ಗೈಡ್ ನೋಡಿ ನೋಟ್ಸ್ ಬರೆದು ಹಾಯಾಗಿದ್ದಾರೆ. ನಮ್ಮ ಮೇಡಂಗೆ ಮಾತ್ರ ವಾರಕ್ಕೊಂದು ರೆಸ್ಪಾನ್ಸ್ ಬೇಕು. "ಕಥೆ ನನಗೆ ಗೊತ್ತು ಕಣಮ್ಮ. ಓದಿ ನಿನಗೇನಾಯ್ತು, ಅದನ್ನ ಬರಿ" ಅಂತಾರೆ. ನನಗೇನಾಯ್ತು? ತಲೆನೋವಾಯ್ತು. ಅದನ್ನು ಬರೆಯುವ ಹಾಗಿಲ್ಲ.

ಈ ವಾರದ್ದು ಸ್ಮಶಾನದ ಭಾಷಣ. ಯುದ್ಧದಲ್ಲಿ ಸತ್ತ ಸೈನಿಕರ ಸ್ಮಶಾನ. ಯಾರೋ ಘನ ಭಾಷಣಕಾರ ಎರಡು ಗಂಟೆ ಮಾತಾಡಿದ ಮೇಲೆ ಅಧ್ಯಕ್ಷ ಎದ್ದು, ಎರಡೇ ನಿಮಿಷ ಮಾತಾಡಿ ಕೂತನಂತೆ. ಜನರಿಗೆ ಇವತ್ತಿಗೂ ನೆನಪಿರುವುದು ಆ ಎರಡು ನಿಮಿಷ. "ಆದ್ದರಿಂದ ನಾನೂ ಚಿಕ್ಕದಾಗಿ ಬರೆಯುತ್ತಿದ್ದೇನೆ" ಅಂತ ಬರೆದೆ. ಹೊಡೆದು ಹಾಕಿದೆ. ಮತ್ತೆ ಬರೆದೆ. ಸ್ಟಾಪ್ ಬಂತು.

ಮಾರ್ಚ್ 6, ಗುರುವಾರ. ಮಧ್ಯಾಹ್ನ 1, ಲೈಬ್ರರಿ

ಈಗ ಓದಬೇಕಾದದ್ದು ಕೋಣೆ ಬಿಟ್ಟು ಹೊರಗೇ ಬಾರದ ಕವಯಿತ್ರಿ. ಸಾಲು ಸಾಲಿಗೂ ಡ್ಯಾಶ್. ನಾನೂ ಹಾಕುತ್ತೇನೆ — ಹಾಕಿದೆ — ಯಾರೂ ನನ್ನನ್ನು ಕವಿ ಅನ್ನಲಿಲ್ಲ. ಒಬ್ಬಳೇ ಒಂದು ಕೋಣೆಯಲ್ಲಿ ಅಷ್ಟು ವರ್ಷ ಹೇಗೆ ಕೂತಳೋ. ನನಗೆ ಈ ಕುರ್ಚಿಯಲ್ಲಿ ಹತ್ತು ನಿಮಿಷ ಆಗುತ್ತಿಲ್ಲ.

ಸಂಜೆ 5

ಮನೆಗೆ ಬಂದರೆ ಅಪ್ಪ ಇದ್ದರು. ಈ ಹೊತ್ತಿಗೆ ಇರುವುದಿಲ್ಲ. ಶೂ ಬಿಚ್ಚದೆ ಕೂತಿದ್ದರು.

ಡಿಪೋದಲ್ಲಿ ಅಪ್ಪ ಬ್ರೇಕ್ ಫಿಟ್ಟರ್, ಇಪ್ಪತ್ತಾರು ವರ್ಷದಿಂದ. ಬಸ್ಸು ಹೊರಡುವ ಮೊದಲು ಬ್ರೇಕ್ ನೋಡಿ ಚೀಟಿಗೆ ಸಹಿ ಹಾಕಬೇಕು. ಸಹಿಯಿಲ್ಲದೆ ಗೇಟ್ ದಾಟುವಂತಿಲ್ಲ. ಇವತ್ತು ಒಂದು ಬಸ್ಸಿಗೆ ಹಾಕಲಿಲ್ಲ. ಬ್ರೇಕಿನ ಲೈನಿಂಗ್ ಸವೆದಿದೆ, ತುಳಿದರೆ ಹಿಡಿಯಲ್ಲ ಅಂದರು. ಮ್ಯಾನೇಜರ್ ಹಾಕು ಅಂದ. ಇವರು ಆಗಲ್ಲ ಅಂದರು, ಎಲ್ಲರೆದುರಿಗೆ. ಕೊನೆಗೆ ಇನ್ನೊಬ್ಬ ಫಿಟ್ಟರ್ ಸಹಿ ಹಾಕಿದ, ಬಸ್ಸು ಹೋಯಿತು. ಮಧ್ಯಾಹ್ನ ನೆಟ್ಟಗೆ ವಾಪಸ್ಸೂ ಬಂತು! ಬಂದದ್ದೇ ಎಡವಟ್ಟಾಯಿತು. ಈಗ ಅಪ್ಪನದ್ದೇ ತಪ್ಪು, ದುರಹಂಕಾರ, ಸಸ್ಪೆಂಡ್. ಇಪ್ಪತ್ತೊಂದನೇ ತಾರೀಕಿನೊಳಗೆ ತಪ್ಪೊಪ್ಪಿಗೆ ಪತ್ರ ಕೊಡಬೇಕು. ಕೊಡದಿದ್ದರೆ ಕೆಲಸದಿಂದಲೇ ತೆಗೆಯುತ್ತಾರೆ.

"ಕೊಡ್ತೀರಾ?" ಅಂತ ಅಮ್ಮ ಕೇಳಿದಳು.

"ಸವೆದಿತ್ತು ಕಣೇ" ಅಂದರು ಅಪ್ಪ.

ಮಾರ್ಚ್ 10, ಸೋಮವಾರ. ಸಂಜೆ

ಈ ವಾರ ಓದಿದ್ದಕ್ಕೆ ನಿಜವಾಗಿಯೂ ಏನೋ ಆಯಿತು. ಒಬ್ಬ ಮನುಷ್ಯ ತೆರಿಗೆ ಕಟ್ಟಲ್ಲ ಅಂದ. ಜೈಲಿಗೆ ಹಾಕಿದರು. ಒಂದು ರಾತ್ರಿ ಕಳೆಯುವಷ್ಟರಲ್ಲಿ ಯಾರೋ ಅವನ ಪರವಾಗಿ ಕಟ್ಟಿಬಿಟ್ಟರು. ಅವನ ಸೋದರತ್ತೆ ಅಂತಾರೆ. ಬೆಳಿಗ್ಗೆ ಹೊರಗೆ ಹೋಗು ಅಂದಾಗ ಅವನಿಗೆ ಸಿಟ್ಟು ಬಂತಂತೆ. ಬರದೆ ಇರುತ್ತದೆಯೇ? ಮೂರು ಪುಟ ಬರೆದೆ, ಮೂರೂ ಅತ್ತೆಯ ಮೇಲೆ. ಆಯಮ್ಮನಿಗೆ ಬೇರೆ ಕೆಲಸ ಇರಲಿಲ್ಲವೇ, ಇನ್ನೊಬ್ಬರ ಹಠದಲ್ಲಿ ಕೈ ಹಾಕಲು ಇವಳು ಯಾರು, ಇತ್ಯಾದಿ. ಬರೆಯುತ್ತ ಕಿವಿಯೆಲ್ಲ ಬಿಸಿಯಾಯಿತು.

ಅಪ್ಪನಿಗೆ ಹೇಳಿದೆ. ಇಸ್ತ್ರಿಪೆಟ್ಟಿಗೆ ಬಿಚ್ಚಿ ಹರಡಿಕೊಂಡಿದ್ದರು. ಅದು ಕೆಟ್ಟಿರಲಿಲ್ಲ.

"ಯಾಕೆ ಕಟ್ಟಲ್ಲ ಅಂದ?"

"ಗುಲಾಮಗಿರಿ ಸಾಕೋ ಸರ್ಕಾರಕ್ಕೆ ನಾನ್ಯಾಕೆ ಕೊಡಲಿ ಅಂತ."

"ಸರಿಯಾಗೇ ಇದೆಯಲ್ಲ. ಆ ಅತ್ತೆ ಅವನನ್ನ ಒಂದ್ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದ, ಅಪ್ಪ."

"ಅದಕ್ಕೇ ಕೇಳಬೇಕಿತ್ತು" ಅಂದು ಸ್ಕ್ರೂ ಹುಡುಕತೊಡಗಿದರು.

ಮಾರ್ಚ್ 14, ಶುಕ್ರವಾರ

ರೆಸ್ಪಾನ್ಸ್ ವಾಪಸ್ ಬಂತು. ಮಾರ್ಕ್ಸ್ ಚೆನ್ನಾಗಿದೆ. ಕೆಳಗೆ ಕೆಂಪು ಇಂಕಿನಲ್ಲಿ — "ಅತ್ತೆಗೆ ಆ ರಾತ್ರಿ ನಿದ್ದೆ ಬಂದಿತ್ತೇ? ಯೋಚಿಸು." ಏನು ಯೋಚಿಸುವುದು? ಅತ್ತೆ ಪರ ವಕಾಲತ್ತು ಬೇರೆ.

ಮನೆಯಲ್ಲಿ ಅಪ್ಪ ಗಡಿಯಾರ, ಫ್ಯಾನು, ಬಾಗಿಲ ಚಿಲಕ ಎಲ್ಲ ಬಿಚ್ಚಿ ಜೋಡಿಸಿ ಆಯಿತು. ಇನ್ನು ಉಳಿದಿರುವುದು ನಾವಿಬ್ಬರೇ. ಅಮ್ಮ ಲಾಂಡ್ರಿಯಿಂದ ಬಂದವಳು — ಅಲ್ಲಿ ಬಟ್ಟೆಗಳಿಗೆ ನಂಬರು ಹಚ್ಚುತ್ತಾಳೆ — ಚೀಲ ಇಡುವ ಮೊದಲೇ ಶುರು. "ಊರಿನ ಜನರ ಪ್ರಾಣ ಉಳಿಸೋಕೆ ಇವರೊಬ್ರೇ ಹುಟ್ಟಿರೋದು. ಇಷ್ಟಿಷ್ಟು ದಪ್ಪ ಪುಸ್ತಕ ಓದ್ತೀಯಲ್ಲ, ನಿಮ್ಮಪ್ಪನಿಗೆ ಬುದ್ಧಿ ಬರೋ ಹಾಗೆ ಒಂದು ಮಾತು ಹೇಳೇ." ಹೇಳಲಿಲ್ಲ. ನನಗೆ ಅಪ್ಪನ ಮೇಲೆ ಹೆಮ್ಮೆ. ಇನ್ನೂ ಒಂದು ವಾರ ಇದೆ, ಹೆಮ್ಮೆ ಪಡುವುದು ಸುಲಭ.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 6.30

ಅಪ್ಪ ದಿನಾ ಐದೂವರೆಗೆ ವಾಕಿಂಗ್ ಅಂತ ಹೋಗುತ್ತಾರೆ. ಇವತ್ತು ಹಿಂದೆಯೇ ಹೋದೆ. ವಾಕಿಂಗೂ ಇಲ್ಲ ಏನೂ ಇಲ್ಲ. ಡಿಪೋ ಗೇಟಿನ ಎದುರು ರಸ್ತೆಯ ಆಚೆ ನಿಂತಿದ್ದರು. ಒಂದೊಂದೇ ಬಸ್ಸು ಹೊರಗೆ ಬರುತ್ತಿತ್ತು. ಡ್ರೈವರ್ ಕೈ ಎತ್ತಿದರೂ ನೋಡುತ್ತಿರಲಿಲ್ಲ. ಚಕ್ರ ನೋಡುತ್ತಿದ್ದರು, ಬರೀ ಚಕ್ರ. ಗೇಟಿನ ತಿರುವಿನಲ್ಲಿ ಬಸ್ಸು ಬ್ರೇಕ್ ಹಾಕಿದಾಗ ತಲೆ ಸ್ವಲ್ಪ ವಾರೆ ಮಾಡಿ ಕೇಳಿಸಿಕೊಳ್ಳುತ್ತಿದ್ದರು. ಮೈಮೇಲೆ ಡಿಪೋದ ಶರ್ಟು. ಇಸ್ತ್ರಿ ಮಾಡಿದ್ದು.

ಅವರು ನೋಡುವ ಮೊದಲು ಓಡಿ ಬಂದೆ. ಇವರು ಈ ಕೆಲಸ ಬಿಟ್ಟು ಬದುಕುವುದಿಲ್ಲ. ಪತ್ರವನ್ನೂ ಬರೆಯುವುದಿಲ್ಲ.

ಮಾರ್ಚ್ 20, ಗುರುವಾರ. ಮಧ್ಯಾಹ್ನ, ಕಾಲೇಜಿನ ಮೆಟ್ಟಿಲು

ನಿನ್ನೆ ಫೈಲ್ ಮಾಮ ಸಿಕ್ಕಿದ್ದರು. ಎದುರು ಮನೆ, ಡಿಪೋ ಆಫೀಸಿನಲ್ಲಿ ಗುಮಾಸ್ತ. ಮದುವೆ ಮನೆಗೂ ಕಂಕುಳಲ್ಲಿ ಫೈಲ್ ಇಟ್ಟುಕೊಂಡು ಹೋಗುತ್ತಾರೆ, ಅದಕ್ಕೇ ಆ ಹೆಸರು. "ನೋಡು ಮಗಳೇ, ಒಂದು ಕಾಗದ ಫೈಲಿಗೆ ಬಿದ್ರೆ ಸಾಕು. ಯಾರು ಓದ್ತಾರೆ? ನಿಮ್ಮಪ್ಪ ಒಂದು ಸಹಿ ಹಾಕಲಿ, ಮಿಕ್ಕಿದ್ದು ನಾನು ನೋಡ್ಕೋತೀನಿ."

ಅಪ್ಪನ ಸಹಿ ನನಗೆ ಬರುತ್ತದೆ. ಏಳನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡಿನಿಂದ. ಗಣಿತದಲ್ಲಿ ಗೋತಾ ಹೊಡೆದಾಗ ಕಲಿತದ್ದು. ಕೊನೆಯ ಗೆರೆ ಮೇಲಕ್ಕೆ ಹೋಗಿ ಕೊಕ್ಕೆಯ ಹಾಗೆ ಬಗ್ಗಬೇಕು, ಅಷ್ಟೆ.

ಪತ್ರ ಬರೆಯಲು ಕೂತು ಮೊದಲು ಜಾಣತನ ಮಾಡಿದೆ. ಕ್ಷಮೆ ಕೇಳಿದ ಹಾಗೂ ಇರಬೇಕು, ಕೇಳದ ಹಾಗೂ ಇರಬೇಕು. "ನಡೆದ ಘಟನೆಯಿಂದ ಎಲ್ಲರಿಗೂ ನೋವಾಗಿದೆ..." ಎಂಥ ಶೈಲಿ! ಅಷ್ಟೊಂದು ಭಾಷಣ ಓದಿದ್ದು ಕೊನೆಗೂ ಉಪಯೋಗಕ್ಕೆ ಬಂತು ಅಂದುಕೊಂಡೆ. ಬೆಳಿಗ್ಗೆ ಫೈಲ್ ಮಾಮನಿಗೆ ತೋರಿಸಿದರೆ ತಲೆ ಆಡಿಸಿದರು. "ಇದೆಲ್ಲ ಚೆನ್ನಾಗಿದೆ, ಆದ್ರೆ ತಪ್ಪಾಯ್ತು ಅನ್ನೋದು ಎಲ್ಲಿ? ಅದೊಂದು ಇಲ್ದೆ ಮ್ಯಾನೇಜರ್ ಮುಟ್ಟಲ್ಲ."

ಮಾರ್ಚ್ 21, ಶುಕ್ರವಾರ. 10.15

ತಪ್ಪಾಯಿತು. ಕ್ಷಮಿಸಿ. ಇನ್ನು ಮುಂದೆ ಮೇಲಧಿಕಾರಿಗಳ ಮಾತು ಮೀರುವುದಿಲ್ಲ.

ಸಹಿ ಹಾಕಿದೆ. ಕೊಕ್ಕೆ ಸರಿಯಾಗಿ ಬಂತು. ಫೈಲ್ ಮಾಮನ ಕೈಗೆ ಕೊಟ್ಟು ಬಂದೆ. ಅಮ್ಮನಿಗೂ ಹೇಳಿಲ್ಲ. ಕೈ ತೊಳೆದೆ, ಯಾಕೋ.

ಏಪ್ರಿಲ್ 1, ಮಂಗಳವಾರ. ಸಂಜೆ

ಹತ್ತು ದಿನ ಬರೆಯಲಿಲ್ಲ. ಈ ಪುಸ್ತಕ ನೋಡಿದರೆ ಮುಟ್ಟುವುದು ಬೇಡ ಅನ್ನಿಸುತ್ತಿತ್ತು. ಕ್ಲಾಸಿನಲ್ಲಿ ತಿಮಿಂಗಿಲದ ಬೆನ್ನು ಹತ್ತಿದ ಕ್ಯಾಪ್ಟನ್‌ನ ಕಾದಂಬರಿ ನಡೆಯುತ್ತಿದೆ. ಎಷ್ಟು ಪುಟ ತಿರುಗಿಸಿದರೂ ತಿಮಿಂಗಿಲ ಬರುವುದಿಲ್ಲ. ಬರದೇ ಇದ್ದರೆ ಒಳ್ಳೆಯದು.

ಅಪ್ಪನನ್ನು ವಾಪಸ್ ಕರೆದಿದ್ದಾರೆ. ಇವತ್ತೇ ಡ್ಯೂಟಿ. ಮನೆಗೆ ಬಂದವರ ಮುಖ ನೋಡಬೇಕಿತ್ತು, ಹತ್ತು ವರ್ಷ ಚಿಕ್ಕವರಾಗಿದ್ದರು. "ನೋಡಿದ್ಯಾ? ಸಹಿ ಹಾಕಲಿಲ್ಲ. ಏನು ಮಾಡಿದ್ರು? ಬಾಯಿ ಮುಚ್ಕೊಂಡು ಕರೆದ್ರು!" ಅಮ್ಮ ಬೈದಂತೆ ಮಾಡಿ ನಕ್ಕಳು. ನಾನೂ ನಕ್ಕೆ. ಅಪ್ಪ ನನ್ನ ತಲೆ ಮೇಲೆ ಕೈಯಿಟ್ಟು, "ನಿನ್ನ ಆ ಜೈಲಿನವನಿಗಿಂತ ನಾನೇ ವಾಸಿ. ನನಗೆ ಅತ್ತೆ ಇಲ್ಲ" ಅಂದರು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಏಪ್ರಿಲ್ 3, ಗುರುವಾರ

ಶನಿವಾರ ಫಿಟ್ಟರುಗಳ ಸಂಘದ ಸಭೆ, ಡಿಪೋ ಕ್ಯಾಂಟೀನಿನಲ್ಲಿ. ಅಪ್ಪನದೇ ಮುಖ್ಯ ಭಾಷಣ. ತಲೆ ಬಾಗಿಸದವನು ಅಂತ. ಮನೆಯವರೂ ಬರಬಹುದಂತೆ.

"ನೀನೇ ಬರೆದುಕೊಡಬೇಕು. ನಿನ್ನ ಅಮೆರಿಕಾದೋರು ಹೇಗೆ ಶುರು ಮಾಡ್ತಾರೆ?"

ಗುಲಾಮನಾಗಿ ಹುಟ್ಟಿ, ತಾನೇ ಓದು ಕಲಿತು, ತಪ್ಪಿಸಿಕೊಂಡವನ ಭಾಷಣದ ಬಗ್ಗೆ ಹೇಳಿದೆ. ದೇಶ ಹುಟ್ಟಿದ ದಿನದ ಸಂಭ್ರಮಕ್ಕೆ ಮಾತಾಡಲು ಕರೆದಿದ್ದರು. ಮೊದಲು ವಿನಯ. ಆಮೇಲೆ ಕರೆದವರಿಗೇ ಬಿಸಿ ಮುಟ್ಟಿಸಿದ. ಅಪ್ಪ ತೊಡೆ ತಟ್ಟಿದರು. "ಇದು! ಇದು ಬೇಕು ನನಗೆ!"

ಬರೆಯುತ್ತಿದ್ದೇನೆ. "ನಾನು ದೊಡ್ಡ ಮಾತುಗಾರನಲ್ಲ. ನನಗೆ ಗೊತ್ತಿರುವುದು ಬ್ರೇಕು." ಚೆನ್ನಾಗಿದೆ. "ಸುಳ್ಳಿಗೆ ನಾನು ಸಹಿ ಹಾಕಲಿಲ್ಲ." ಇದೂ ಚೆನ್ನಾಗಿದೆ. ನನ್ನ ಕೈಯಿಂದ ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ.

ಏಪ್ರಿಲ್ 4, ಶುಕ್ರವಾರ

ಫೈಲ್ ಮಾಮ ಮನೆ ಗೇಟಿನಲ್ಲಿ ತಡೆದರು. ಬೆವರುತ್ತಿದ್ದರು. "ನಿಮ್ಮಪ್ಪ ನಾಳೆ ಜಂಬ ಕೊಚ್ಚಿಕೊಂಡ್ರೆ ಆ ಕಾಗದ ಅಲ್ಲೇ ಓದಿಸ್ತೀನಿ ಅಂತಿದ್ದಾನೆ ಮ್ಯಾನೇಜರ್. ಭಾಷಣ ಬೇಡ ಅಂತ ಹೇಳು. ಗಂಟಲು ನೋವು ಅನ್ನಲಿ."

ಅಪ್ಪ ಕನ್ನಡಿ ಮುಂದೆ ನಿಂತು ಪ್ರಾಕ್ಟೀಸ್ ಮಾಡುತ್ತಿದ್ದಾರೆ. ಗಂಟಲು ಗಂಟೆಯ ಹಾಗಿದೆ.

ಏಪ್ರಿಲ್ 5, ಶನಿವಾರ. ಬೆಳಿಗ್ಗೆ 9

ಅಪ್ಪನಿಗೆ ಎಲ್ಲ ಹೇಳಿದೆ. ಅಮ್ಮ ಲಾಂಡ್ರಿಗೆ ಹೋದ ಮೇಲೆ. ಪೀಠಿಕೆ ಇಲ್ಲದೆ, ಮೂರು ವಾಕ್ಯ.

ಅಪ್ಪ ಹಳೇ ಬಿಲ್ಲೊಂದನ್ನು ತಿರುಗಿಸಿ ಮುಂದಿಟ್ಟರು. "ಹಾಕು." ಹಾಕಿದೆ. ಕೊಕ್ಕೆ ಸರಿಯಾಗೇ ಬಂತು. ಬೆಳಕಿಗೆ ಹಿಡಿದು ನೋಡಿದರು.

"ಯಾವಾಗಿಂದ?"

"ಏಳನೇ ಕ್ಲಾಸು."

"ನಿಮ್ಮಮ್ಮನಿಗೆ?"

"ಗೊತ್ತಿಲ್ಲ."

"ಹೇಳಬೇಡ." ಶರ್ಟಿನ ಗುಂಡಿ ಹಾಕಿಕೊಂಡರು, ಒಂದು ತಪ್ಪಿತು, ಬಿಚ್ಚಿ ಮತ್ತೆ ಹಾಕಿಕೊಂಡರು. ಬೈಯಲಿ ಅಂತ ಕಾದೆ. ಬೈಯಲಿಲ್ಲ.

ಮಧ್ಯಾಹ್ನ 2, ಕ್ಯಾಂಟೀನಿನ ಹೊರಗೆ

ನೂರು ಜನ ಇದ್ದರು. ಬೆಂಚು ಸಾಲದೆ ಟೈರುಗಳ ಮೇಲೆ ಕೂತಿದ್ದರು. ಮ್ಯಾನೇಜರ್ ಬಾಗಿಲಿಗೆ ಒರಗಿ ನಿಂತಿದ್ದ, ಪಕ್ಕದಲ್ಲಿ ಫೈಲ್ ಮಾಮ, ಫೈಲ್ ಸಮೇತ. ಅಪ್ಪನ ಸರದಿ ಬಂದಾಗ ಚಪ್ಪಾಳೆ ನಿಲ್ಲಲೇ ಇಲ್ಲ. ನನ್ನ ಕಾಗದ ಬಿಡಿಸಿದರು. ನೋಡಿದರು. ಮಡಚಿ ಜೇಬಿಗೆ ಹಾಕಿಕೊಂಡರು.

"ಕ್ಷಮಾಪಣೆ ಪತ್ರ ಕೊಟ್ಟಿದ್ದೀನಿ. ಸಹಿ ನಂದೇ. ಆದ್ರೆ ಆವತ್ತು ಆ ಬಸ್ಸಿನ ಲೈನಿಂಗ್ ಸವೆದಿತ್ತು."

ಕೂತರು. ಅಷ್ಟೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಥೂ, ಇವನೂ ಇಷ್ಟೇನಾ" ಅಂದ. ಅಪ್ಪನಿಗೆ ಕೇಳಿಸಿತು, ಖಂಡಿತ ಕೇಳಿಸಿತು. ನಾನು ಎದ್ದು ಕೂಗಬೇಕಿತ್ತು. ಎದ್ದು ಹೊರಗೆ ಬಂದುಬಿಟ್ಟೆ. ನಾನು ಹೇಡಿ.

ಏಪ್ರಿಲ್ 6, ಭಾನುವಾರ. ಬೆಳಿಗ್ಗೆ 11

ಪತ್ರ ಬರೆದೆ. ಮ್ಯಾನೇಜರಿಗೊಂದು, ಸಂಘಕ್ಕೊಂದು ಪ್ರತಿ. ಕ್ಷಮಾಪಣೆ ಪತ್ರ ನಾನು ಬರೆದದ್ದು, ಸಹಿ ನಾನು ಹಾಕಿದ್ದು, ನನ್ನ ತಂದೆಗೆ ಏನೂ ತಿಳಿಯದು. ಕೆಳಗೆ ನನ್ನ ಸಹಿ. ನನ್ನದೇ ಸಹಿ ಎಷ್ಟು ಸೊಟ್ಟಗಿದೆ! ಪೊಲೀಸು, ಕಾಲೇಜು, ಏನಾಗುತ್ತದೋ ಗೊತ್ತಿಲ್ಲ. ಭಯವಾಗಿದೆ.

ನೇರ ಪೋಸ್ಟ್ ಡಬ್ಬಿಗೆ ಹಾಕಲು ಹೊರಟಿದ್ದೆ. ಬಾಗಿಲವರೆಗೂ ಹೋಗಿ ನಿಂತೆ. ಮತ್ತೆ ಕೇಳದೆಯೇ ಮಾಡುತ್ತಿದ್ದೆನಲ್ಲ. ವಾಪಸ್ ಬಂದು ಅಪ್ಪನ ಕೈಗೆ ಕೊಟ್ಟೆ.

ಓದುತ್ತಿದ್ದಾರೆ. ನಾನು ಎದುರಿಗೆ ಕೂತು ಇದನ್ನು ಬರೆಯುತ್ತಿದ್ದೇನೆ, ಮುಖ ನೋಡುವ ಧೈರ್ಯ ಇಲ್ಲದೆ. ಅರ್ಧ ಪುಟಕ್ಕೆ ಇಷ್ಟು ಹೊತ್ತೇ? ಮೊದಲಿಂದ ಮತ್ತೆ ಶುರು ಮಾಡಿದರು. ಬೆರಳಿಟ್ಟುಕೊಂಡು ಓದುತ್ತಿದ್ದಾರೆ, ಚೀಟಿ ಓದುವ ಹಾಗೆ.

"ಇಲ್ಲೊಂದು ಸುಳ್ಳಿದೆ" ಅಂದರು.

ಎಲ್ಲಿ ಅಂದೆ.

"ತಂದೆಗೆ ಏನೂ ತಿಳಿಯದು ಅಂದಿದ್ದೀಯ. ನಿನ್ನೆ ನನಗೆ ತಿಳಿದಿತ್ತಲ್ಲ. ತಿಳಿದೂ ಸಹಿ ನಂದು ಅಂದೆ. ಅದನ್ನ ನಾನು ಬರೀಬೇಕು. ಪೆನ್ ಕೊಡು."

ಬ್ಯಾಗಿನಲ್ಲಿ ಇನ್ನೊಂದು ಪೆನ್ ಇದೆ. ಹುಡುಕುತ್ತ ಕೂತರೆ ಅವರ ಮನಸ್ಸು... ಬೇಡ. ಕೈಯಲ್ಲಿರುವ ಇದನ್ನೇ ಕೊಡ