ಗಜ್ಜರಿಗೆ ಸಿಕ್ಕ ಹೆಸರು

ಅತ್ತೆಯವರೇ,

ನಿಮ್ಮ ದೊಡ್ಡ ಸೊಸೆ ಬರೆಯುತ್ತಿದ್ದೇನೆ. ನೀವಿದ್ದಾಗ ಎದುರಾಡದವಳು ಈಗ ಬಾಯಿ ತೆರೆದಳಲ್ಲ ಅಂತೀರೇನು? ಹೊಟ್ಟೆಕಿಚ್ಚು ಕಣ್ರೀ. ನೀವು ಹೋಗಿ ವರ್ಷವಾಗುತ್ತ ಬಂದರೂ ತಣಿದಿಲ್ಲ.

ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ಮರುದಿನ ನೆನಪಿದೆಯೇ? ಕೊಂಢವಾ ಬಡಾವಣೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತು, ಎದುರು ಕಟ್ಟಡದಲ್ಲಿ ಒಣಹಾಕಿದ ಸೀರೆಯ ಅಂಚಿನ ಬಣ್ಣ ಹೇಳಿದಿರಿ. ನನಗೆ ಅಳುವೇ ಬಂತು. ಅಷ್ಟರಲ್ಲಿ ಪಕ್ಕದ ಮನೆಯ ಮರಾಠಿ ಕಾಕು ಬಂದರು. ನೀವು ಅವರಿಗೆ ಹೇಳಿದ್ದೇನು? "ಧಾಕಟ್ಯಾ ಸುನೇಚಾ ಗಾಜರಾಚಾ ರಸ!" ಸಣ್ಣ ಸೊಸೆ ಸುಮಾ ಕೊಟ್ಟ ಗಜ್ಜರಿ ರಸದಿಂದ, ಅದೇ ಕ್ಯಾರೆಟ್ ರಸದಿಂದ, ನಿಮಗೆ ಕಣ್ಣು ಕಾಣುವಂತಾಯಿತಂತೆ! ಸಂಜೆಯೊಳಗೆ ಇಡೀ ಬಿಲ್ಡಿಂಗಿಗೆ ಸುದ್ದಿ. ನಾನು ಪಕ್ಕದಲ್ಲೇ ನಿಂತಿದ್ದೆ, ಅತ್ತೆ.

ಜೀರಿಗೆ ಎಂದು ಸಾರಿಗೆ ಓಂಕಾಳಿನ ಒಗ್ಗರಣೆ ಹಾಕಿದಿರಲ್ಲ, ಅವತ್ತೇ ನಿಮಗೆ ಪೊರೆ ಬಂದಿದೆಯೆಂದು ಗುರುತಿಸಿದವಳು ನಾನು. ಎರಡು ವರ್ಷ ಬೆನ್ನುಬಿದ್ದು ಆಪರೇಷನ್ನಿಗೆ ಒಪ್ಪಿಸಿದವಳೂ ನಾನೇ. ಸುಮಾ ಮಾಡಿದ್ದು ಬೆಳಿಗ್ಗೆ ಒಂದು ಲೋಟ ರಸ. ಆಪರೇಷನ್ ದಿನ ಆಸ್ಪತ್ರೆಗೂ ಬರಲಿಲ್ಲ ಮಹಾರಾಯ್ತಿ! ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನನ್ನ ಕಾಲ ಬರುವ ಮೊದಲೇ ನೀವು...

ತಿಂಗಳ ಮೇಲೆ ತಪಾಸಣೆಗೆ ಹೋದಾಗ ನಾನು ಬೇಕೆಂದೇ ನಿಮ್ಮೆದುರಿಗೆ ಡಾಕ್ಟರನ್ನು ಕೇಳಿದೆ. ಗಜ್ಜರಿ ಕಣ್ಣಿಗೆ ಒಳ್ಳೆಯದೇ, ಎ ಜೀವಸತ್ವ ಕಡಿಮೆ ಬಿದ್ದರೆ ಇರುಳುಗಣ್ಣು ಬರುತ್ತದೆ, ಆದರೆ ಊಟ ಸರಿಯಿದ್ದವರು ಎಷ್ಟು ತಿಂದರೂ ದೃಷ್ಟಿ ಹೆಚ್ಚುವುದಿಲ್ಲ, ಪೊರೆಯಂತೂ ಕರಗುವುದಿಲ್ಲ ಅಂದರು. ನಾನು ಗೆದ್ದೆ ಅಂದುಕೊಂಡೆ. ರಿಕ್ಷಾದಲ್ಲಿ ನೀವು, "ಡಾಕ್ಟರಿಗೇನ್ ಗೊತ್ತು? ಅವರೇನ್ ನಮ್ಮ ಸುಮಾನ ಕೈಯಾಗಿನ ರಸಾ ಕುಡದಾರೇನು?" ಅಂದಿರಿ. ಮನೆಗೆ ಬಂದು ಪಾತ್ರೆಗಳನ್ನೆಲ್ಲ ಧಡಧಡ ಸದ್ದು ಮಾಡಿ ತೊಳೆದೆ. ನೀವು ಗಮನಿಸಿದಿರೋ ಇಲ್ಲವೋ.

ಮೊನ್ನೆ ರವಿವಾರ ನಾನೂ ಸುಮಾನೂ ಬಟಾಣಿ ಬಿಡಿಸುತ್ತಿದ್ದೆವು. ತಡೆಯಲಾಗದೆ ಅಂದುಬಿಟ್ಟೆ: "ಆಪರೇಷನ್ ದಿನಾ ದವಾಖಾನಿಗೆ ಬರದಾಕಿ ನೀನು, ಹೆಸರು ಮಾತ್ರ ನಿಂದು."

ಅವಳು ಕೈಯಲ್ಲಿದ್ದ ಸಿಪ್ಪೆ ನೋಡುತ್ತ ಅಂದಳು: "ಅಕ್ಕಾ, ನಾ ಸೀರಿ ಉಟ್ಟು ತಯಾರಾಗಿದ್ದೆರಿ. ಅತ್ತೀನೇ ಬ್ಯಾಡಂದ್ರು. 'ನನಗ ಭಾಳ ಅಂಜಿಕಿ ಬಂದದ, ನಿನ್ನ ಮುಂದ ಅಳಾಕ ನಾಚಿಕಿ ಆಗ್ತದ. ದೊಡ್ಡಾಕಿ ಮುಂದ ಅತ್ರ ನಡೀತದ' ಅಂದ್ರು."

ಅಂದು ಒಳಗೆ ಕರೆಯುವ ಮುನ್ನ ನೀವು ನನ್ನ ಕೈ ಹಿಡಿದು ಮಗುವಿನ ಹಾಗೆ ಅತ್ತದ್ದು ನಿಜ. ಪಕ್ಕದಲ್ಲಿ ಯಾರಿದ್ದರೂ ಹಾಗೇ ಅಳುತ್ತಿದ್ದಿರಿ ಅಂದುಕೊಂಡಿದ್ದೆ ನಾನು. ಎಂಥ ದಡ್ಡಿ!

ಸುಮಾ ಇನ್ನೂ ಸಿಪ್ಪೆ ನೋಡುತ್ತಲೇ ಇದ್ದಳು. "ದಿನಾ ಹೊಗಳತಿದ್ರು, ಖರೆ. ಹೊರಗಿನ ಮಂದಿನ್ನ ಹೊಗಳತೀವಲ್ರಿ, ಹಂಗ. ನನ್ನ ಮುಂದ ಯಾಕ ಅಳಬಾರದಾಗಿತ್ತು? ನಾ ಏನ್ ಪರಕೀನೇನ್ರಿ?"

ಆ ದನಿಯಲ್ಲಿದ್ದದ್ದು ಏನೆಂದು ನನಗೆ ತಕ್ಷಣ ತಿಳಿಯಿತು. ಇಷ್ಟು ದಿನ ನಾನೇ ಸಾಕಿದ್ದ ಕಿಚ್ಚಲ್ಲವೇ ಅದು? ಅವಳಿಗೆ ಸಮಾಧಾನ ಹೇಳುತ್ತೇನೆ ಅತ್ತೆ, ನಿಮ್ಮಾಣೆ ಹೇಳುತ್ತೇನೆ. ಇನ್ನೆರಡು ದಿನ ಬಿಟ್ಟು.

ನಿಮ್ಮ
ದೊಡ್ಡಾಕಿ